ಮೇಮ್ಯೋದಲ್ಲಿ ಹುಟ್ಟಿದವಳು

ಅರ್ಜಿಯಲ್ಲಿ ‘ಹುಟ್ಟಿದ ಊರು’ ಎಂದಿದ್ದ ಕಡೆ ಇಂದ್ರಮ್ಮ ತಾನು ಬೆಳೆದ ಹಿನಕಲ್ ಹಳ್ಳಿಯ ಹೆಸರು ಬರೆದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ಅವಳ ಜೊತೆಯಲ್ಲೇ ಹೆಣ್ಣುಮಕ್ಕಳ ಶಾಲೆಗೆ ಉಪಾಧ್ಯಾಯಿನಿಯಾಗಿ ಸೇರಿದ ಪ್ರೇಮಲೀಲಾ ಹುಟ್ಟಿದ್ದು ಚಾಮರಾಜನಗರದ ಕಡೆ, ಸೋದರಮಾವನ ಊರಲ್ಲಿ. ಅವಳು ಏನೂ ಯೋಚಿಸದೆ ‘ಮೈಸೂರು’ ಎಂದು ಬರೆದು ಕೊಟ್ಟಳು. ದಸರಾ ರಜೆ ಬರುವಷ್ಟರಲ್ಲಿ ಅವಳ ಕೆಲಸ ಕಾಯಂ ಆಗಿತ್ತು. ಇಂದ್ರಮ್ಮ ಮಾತ್ರ ದುಂಡು ಅಕ್ಷರದಲ್ಲಿ ಬರೆದಳು: ಮೇಮ್ಯೋ, ಬರ್ಮಾ ದೇಶ.

“ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ನಿನಗ್ಯಾಕೆ ಬೇಕಿತ್ತೇ ಈ ಹರಿಶ್ಚಂದ್ರನ ಪಾಠ?” ಎಂದಳು ಪ್ರೇಮಲೀಲಾ.

ಇಂದ್ರಮ್ಮನಿಗೆ ಸತ್ಯದ ಹಟವೇನೂ ಇರಲಿಲ್ಲ. ಕೇಳಿದರು, ಬರೆದಳು, ಅಷ್ಟೆ. ಆ ಊರಿನ ಹೆಸರನ್ನು ಯಾರೂ ಯಾವತ್ತೂ ಅವಳ ಹತ್ತಿರ ಕೇಳಿರಲಿಲ್ಲ. ಮೊದಲ ಸಲ ಒಂದು ಕಾಗದ ಕೇಳಿತು.

ಐವತ್ತೆಂಟನೆಯ ಇಸವಿಯ ಜೂನ್ ತಿಂಗಳಲ್ಲಿ ವಿದ್ಯಾ ಇಲಾಖೆಯ ಕಚೇರಿಯಿಂದ ಕರೆ ಬಂತು. ಅವಳ ಅರ್ಜಿ ಗುಮಾಸ್ತ ಶಾಮಣ್ಣನವರ ಮೇಜಿನ ಮೇಲೆ ಬಿದ್ದಿತ್ತು.

“ಇದೆಲ್ಲಮ್ಮಾ ಬರುತ್ತೆ, ಮೇಮ್ಯೋ?”

“ಮಂಡಾಲೆ ಹತ್ತಿರ ಸಾರ್.”

“ಮಂಡ್ಯದ ಹತ್ತಿರವೇ? ನಮ್ಮ ಷಡ್ಡಕರ ಊರು ಅಲ್ಲೇ. ನಾನು ಕೇಳೇ ಇಲ್ವಲ್ಲ.”

“ಮಂಡ್ಯ ಅಲ್ಲ ಸಾರ್, ಮಂಡಾಲೆ. ಬರ್ಮಾದಲ್ಲಿ. ನಮ್ಮ ತಂದೆ ದಂಡಿನಲ್ಲಿದ್ದರು. ಸೇತುವೆ ಕಟ್ಟೋ ತುಕಡಿ.”

ಶಾಮಣ್ಣ ಕನ್ನಡಕ ತೆಗೆದು ಅವಳ ಮುಖ ನೋಡಿದರು. ಸಣ್ಣ ಕಣ್ಣು, ಅಗಲವಾದ ಕೆನ್ನೆ, ಚಪ್ಪಟೆ ಮೂಗು. ಹೊಸಬರು ನೋಡುವಾಗ ಅವಳ ಮುಖದ ಮೇಲೆ ಕಣ್ಣು ಒಂದು ಗಳಿಗೆ ಹೆಚ್ಚೇ ನಿಲ್ಲುತ್ತಿತ್ತು. ಶಾಲೆಯಲ್ಲಿ ಓದುವಾಗ ಅವಳನ್ನು ‘ಜಪಾನಿ’ ಎಂದು ಕರೆಯುತ್ತಿದ್ದರು.

“ಬರ್ಮಾ ಈಗ ಪರದೇಶ ಕಣಮ್ಮ,” ಎಂದರು ಶಾಮಣ್ಣ, ಕೆಟ್ಟ ಸುದ್ದಿ ಹೇಳುವ ದನಿಯಲ್ಲಿ. “ಹಳೇ ಕಾಲ ಅಲ್ಲ. ಹೊರದೇಶದಲ್ಲಿ ಹುಟ್ಟಿದೋರು ಈ ದೇಶದ ಪ್ರಜೆ ಅನ್ನೋದಕ್ಕೆ ರುಜುವಾತು ಬೇಕು. ಹುಟ್ಟಿದ ಸರ್ಟಿಫಿಕೇಟು ತನ್ನಿ. ತಂದೆತಾಯಿ ಇಲ್ಲಿಯವರು ಅಂತ ದಂಡಿನ ದಾಖಲೆ ತನ್ನಿ. ತಂದರೆ ಒಂದು ನಿಮಿಷದ ಕೆಲಸ.”

ಆ ಒಂದು ನಿಮಿಷದ ಕೆಲಸ ವರ್ಷ ದಾಟಿತು.

ರಂಗೂನಿನ ರಾಯಭಾರಿ ಕಚೇರಿಗೆ ಬರೆದಳು, ಬೆಂಗಳೂರಿನ ದಂಡಿನ ಕಚೇರಿಗೆ ಬರೆದಳು. ಶಾಲೆ ಬಿಟ್ಟ ಮೇಲೆ, ಕಾಲುಗಳು ಮನೆಯ ಕಡೆ ಎಳೆಯುತ್ತಿದ್ದರೂ, ಕಚೇರಿಗೆ ಹೋಗಿ ಬೆಂಚಿನ ಮೇಲೆ ಕೂರುವುದು ಅಭ್ಯಾಸವಾಯಿತು. ಶಾಮಣ್ಣ ದೂರದಿಂದಲೇ ತಲೆಯಾಡಿಸುತ್ತಿದ್ದರು. ಮೊದಮೊದಲು ಅವಳಿಗೆ ಸಿಟ್ಟು ಬರುತ್ತಿತ್ತು, ಆಮೇಲೆ ಅಳು ಬರುತ್ತಿತ್ತು. ಕಡೆಗೆ ಎರಡೂ ಬರುವುದು ನಿಂತು, ಬರೀ ಆಕಳಿಕೆ ಬರತೊಡಗಿತು. ಇಪ್ಪತ್ತನಾಲ್ಕು ವರ್ಷದ ಹುಡುಗಿ ಕಚೇರಿಯ ಬೆಂಚಿನ ಮೇಲೆ ಮುದುಕಿಯಂತೆ ತೂಕಡಿಸುತ್ತಿದ್ದಳು.

ಮನೆಯಲ್ಲಿ ಅವಳಿಗಿದ್ದವಳು ಬೆಟ್ಟಮ್ಮ ಒಬ್ಬಳೇ. ದೇವರಾಜ ಮೊಹಲ್ಲಾದ ಗಲ್ಲಿಯೊಂದರಲ್ಲಿ, ಗಂಧದೆಣ್ಣೆಯ ಅಂಗಡಿಯ ಹಿಂಬದಿ, ಎರಡು ಕೋಣೆಯ ಬಾಡಿಗೆ ಮನೆ. ಬೆಟ್ಟಮ್ಮ ಮಾರ್ಕೆಟ್ಟಿನ ಬಾಗಿಲಲ್ಲಿ ವೀಳ್ಯದೆಲೆ ಮಾರುತ್ತಿದ್ದಳು. ಇಂದ್ರಮ್ಮ ಅವಳನ್ನು ಕರೆಯುತ್ತಿದ್ದದ್ದು ‘ದೊಡ್ಡವ್ವ’ ಎಂದು. ಅಪ್ಪನ ಮೊದಲ ಹೆಂಡತಿಯನ್ನು ಮಕ್ಕಳು ಹಾಗೆಯೇ ಕರೆಯಬೇಕು.

ಅವಳ ತಂದೆ ನಿಂಗಯ್ಯ ಹಿನಕಲ್ಲಿನ ಒಕ್ಕಲು ಮನೆಯವನು. ಬೆಟ್ಟಮ್ಮನನ್ನು ಮದುವೆಯಾಗಿ ಕೆಲವು ವರ್ಷ ಕಳೆದರೂ ಮನೆಯಲ್ಲಿ ತೊಟ್ಟಿಲು ತೂಗಲಿಲ್ಲ. ಊರವರ ಬಾಯಿ ಸುಮ್ಮನಿರಲಿಲ್ಲ, ಅಣ್ಣಂದಿರ ಜೊತೆ ಜಗಳವೂ ಆಯಿತು. ನಿಂಗಯ್ಯ ಒಂದು ದಿನ ಬೆಂಗಳೂರಿಗೆ ಹೋಗಿ ದಂಡಿಗೆ ಸೇರಿಬಿಟ್ಟ. ದಂಡು ಅವನನ್ನು ಬರ್ಮಾಕ್ಕೆ ಕಳಿಸಿತು. ವರ್ಷಕ್ಕೊಂದು ಕಾಗದ ಬರುತ್ತಿತ್ತು. ಅದರಲ್ಲಿ ಕ್ಷೇಮಸಮಾಚಾರ ಬಿಟ್ಟು ಬೇರೇನೂ ಇರುತ್ತಿರಲಿಲ್ಲ.

ನಲವತ್ತೆರಡನೆಯ ಇಸವಿಯಲ್ಲಿ, ಜಪಾನಿನವರು ರಂಗೂನಿನ ಮೇಲೆ ಬಾಂಬು ಹಾಕಿದ ಮೇಲೆ, ಹಿನಕಲ್ಲಿನ ಮನೆಯ ಮುಂದೆ ಒಂದು ಜಟಕಾ ನಿಂತಿತು. ಪರಿಚಯವಿಲ್ಲದ ಒಬ್ಬ ಹೆಂಗಸು, ಕಂಕುಳಲ್ಲಿ ತನ್ನದೊಂದು ಕೂಸು, ಕೈಯಲ್ಲಿ ಏಳು ವರ್ಷದ ಒಂದು ಹುಡುಗಿ. ಬೆಟ್ಟಮ್ಮ ಬೆರಣಿ ತಟ್ಟುತ್ತಿದ್ದಳು. ಆ ಹೆಂಗಸು ಹುಡುಗಿಯನ್ನು ಮುಂದೆ ನಿಲ್ಲಿಸಿ, “ಇದು ನಿಮ್ಮ ಯಜಮಾನ್ರ ಮಗು,” ಎಂದಳು. ಅಷ್ಟೊತ್ತಿಗೆ ಊರೇ ಸುತ್ತ ನೆರೆದಿತ್ತು. ಬೆಟ್ಟಮ್ಮ ಸಗಣಿಯ ಕೈಯಲ್ಲೇ ಎದ್ದು ನಿಂತು, ಮಗುವಿನ ಕಣ್ಣು, ಮೂಗು, ಎಲ್ಲ ನೋಡಿದಳು. ಯಾರು, ಯಾವಾಗ, ಹೇಗೆ ಎಂದು ಏನೂ ಕೇಳಲಿಲ್ಲ.

“ಉಂಡವ್ಳಾ?” ಎಂದಳು.

ಮಗುವಿಗೆ ಕನ್ನಡ ಅರೆಬರೆ. ಹಗಲೆಲ್ಲ ಹೊಸಿಲ ಮೇಲೆ ಕೂತು “ಅಮೇ, ಅಮೇ” ಎಂದು ಅಳುತ್ತಿತ್ತು. ಹುಡುಗಿಗೆ ಆಮೆ ಬೇಕಂತೆ ಎಂದು ಊರವರು ನಕ್ಕರು. ಪಕ್ಕದ ಮನೆಯವನೊಬ್ಬ, ಪಾಪ ಎಂದುಕೊಂಡು, ಕೆರೆಯಿಂದ ನಿಜವಾಗಿಯೂ ಒಂದು ಆಮೆ ಹಿಡಿದು ಕಾಲಿಗೆ ದಾರ ಕಟ್ಟಿ ತಂದುಕೊಟ್ಟ. ಮಗು ಅದನ್ನು ನೋಡಿ ಇನ್ನೂ ಜೋರಾಗಿ ಅತ್ತಿತು. ಬೆಟ್ಟಮ್ಮ ದಾರ ಬಿಚ್ಚಿ ಆಮೆಯನ್ನು ಕೆರೆಗೆ ಬಿಟ್ಟು ಬಂದಳು. ಮಗು ಕರೆಯುತ್ತಿದ್ದದ್ದು ತಾಯಿಯನ್ನು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಆ ಮಳೆಗಾಲದಲ್ಲಿ ದಂಡಿನಿಂದ ತಾರು ಬಂತು. ಸಿಟ್ಟಾಂಗ್ ಎಂಬ ಹೊಳೆಯ ಹತ್ತಿರ ನಿಂಗಯ್ಯ ಕಾಣೆಯಾದನೆಂದು, ಸತ್ತನೆಂದೇ ತಿಳಿಯಬೇಕೆಂದು. ಬೆಟ್ಟಮ್ಮನಿಗೆ ಗಂಡನನ್ನು ಬೈಯುವುದಕ್ಕೂ ಸಿಗಲಿಲ್ಲ. ಉಳಿದದ್ದು ಆ ಹುಡುಗಿ. ಸಾಕಿದಳು. ಹುಡುಗಿ ಓದಿನಲ್ಲಿ ಚುರುಕೆಂದು ಮೇಷ್ಟ್ರು ಹೇಳಿದಾಗ, ಹೊಲವನ್ನು ತಮ್ಮನ ವಶಕ್ಕೆ ಬಿಟ್ಟು, ಅವಳ ಓದಿಗಾಗಿ ಮೈಸೂರಿನ ಗಲ್ಲಿಗೆ ಬಂದಳು. ಆದರೆ ಇಷ್ಟು ವರ್ಷಗಳಲ್ಲಿ ಇಬ್ಬರ ನಡುವೆ ಬರ್ಮಾದ ಮಾತು ಬಂದಿರಲಿಲ್ಲ. ಒಲೆಯಲ್ಲಿ ಕೆಂಡ ಮುಚ್ಚಿದ ಹಾಗೆ ಇಬ್ಬರೂ ಅದನ್ನು ಬೂದಿಯಲ್ಲಿ ಮುಚ್ಚಿಟ್ಟಿದ್ದರು.

ರಂಗೂನಿನಿಂದ ಮೊದಲು ಉತ್ತರ ಬಂತು. ಮೇಮ್ಯೋದ ಹಳೆಯ ಜನನ ದಾಖಲೆಗಳು ಯುದ್ಧದಲ್ಲಿ ಸುಟ್ಟುಹೋಗಿವೆ, ವಿಷಾದಿಸುತ್ತೇವೆ. ಅದಾಗಿ ಎಷ್ಟೋ ತಿಂಗಳ ಮೇಲೆ ಬೆಂಗಳೂರಿನದು. ಇಂದ್ರಮ್ಮ ಅದನ್ನು ಬಾಗಿಲಲ್ಲೇ ನಿಂತು ಒಡೆದು ಓದಿದಳು. ನಿಂಗಯ್ಯ, ಹಿನಕಲ್ ಗ್ರಾಮ. ಹೆಂಡತಿ: ಬೆಟ್ಟಮ್ಮ. ಮಕ್ಕಳು: ಇಲ್ಲ.

ಬೆಟ್ಟಮ್ಮ ಒಳಗೆ ನೆಲದ ಮೇಲೆ ಕೂತು ಎಲೆಗಳಿಗೆ ನೀರು ಚಿಮುಕಿಸಿ ಕವಳಿಗೆ ಕಟ್ಟುತ್ತಿದ್ದಳು.

“ಏನಂತವ್ರೆ?”

“ಮಕ್ಕಳು ಇಲ್ಲ ಅಂತ.”

“ಯಾರ್ಗೆ?”

“ಅಪ್ಪನಿಗೆ.”

ಬೆಟ್ಟಮ್ಮ ಕೈ ನಿಲ್ಲಿಸಿದಳು. “ಇಲ್ಲ ಅಂದ್ರೆ? ಕಣ್ಮುಂದೆ ಕಂಬ ನಿಂತಂಗೆ ನಿಂತಿದ್ದೀಯಲ್ಲ,” ಎಂದಳು. ಆಮೇಲೆ ಮತ್ತೆ ಎಲೆ ಎತ್ತಿಕೊಂಡಳು. ಕಾಗದದಲ್ಲಿ ಹೆಂಡತಿಯ ಜಾಗದಲ್ಲಿ ಯಾರ ಹೆಸರಿದೆ ಎಂದು ಅವಳು ಕೇಳಲಿಲ್ಲ, ಇಂದ್ರಮ್ಮ ಹೇಳಲೂ ಇಲ್ಲ.

ಶಾಮಣ್ಣನವರು ಆ ಕಾಗದವನ್ನು ಎರಡು ಸಲ ಓದಿದರು. ಅವರಿಗೂ ಈ ಹುಡುಗಿಯನ್ನು ನೋಡಿ ನೋಡಿ ಸಾಕಾಗಿತ್ತು. ಹಾಗೇ ಸ್ವಲ್ಪ ಮರುಕವೂ ಹುಟ್ಟಿತ್ತು.

“ನೋಡೀಮ್ಮಾ, ಒಂದು ಮಾತು ಹೇಳ್ತೀನಿ, ಕೋಪ ಮಾಡ್ಕೋಬೇಡಿ. ಈ ಬೆಟ್ಟಮ್ಮನವರು ಇದ್ದಾರಲ್ಲ?”

“ಇದ್ದಾರೆ.”

“ಅವರ ಕೈಲಿ ಒಂದು ಅಫಿಡವಿಟ್ ಮಾಡಿಸಿ. ಈಕೆ ನನ್ನ ಹೊಟ್ಟೇಲಿ ಹುಟ್ಟಿದ ಮಗಳು, ಹಿನಕಲ್ಲಿನಲ್ಲೇ ಹುಟ್ಟಿದ್ದು ಅಂತ. ಬರ್ಮಾ ಅಂತ ಬರೆದಿದ್ದು ತಿಳುವಳಿಕೆಯ ತಪ್ಪು ಅಂತ ನೀವೊಂದು ಅರ್ಜಿ ಕೊಡಿ. ದಂಡಿನ ಕಾಗದಕ್ಕೂ ಹೊಂದುತ್ತೆ. ಮಕ್ಕಳ ಹೆಸರು ಸೇರಿಸೋದು ಬಿಟ್ಟುಹೋಗಿದೆ ಅಂದರಾಯ್ತು. ಬರ್ಮಾ ಅನ್ನೋದೇ ಇಲ್ಲ, ಮುಗೀತು.”

ಇಂದ್ರಮ್ಮ ಬೆಂಚಿನಿಂದ ಏಳಲಿಲ್ಲ. “ನಮ್ಮ ತಾಯಿ ಬೇರೆ ಸಾರ್,” ಎಂದಳು.

“ಹೆಸರೇನು?”

ಏಳು ವರ್ಷದ ಮಗುವಿಗೆ ಅಮ್ಮನ ಹೆಸರು ಅಮ್ಮ ಎಂದೇ ಇರುತ್ತದೆ.

“ಹೆಸರೇ ಗೊತ್ತಿಲ್ಲದ ಮೇಲೆ ನಾನು ಯಾವ ಕಾಲಮ್ಮಿನಲ್ಲಿ ಬರೀಲಮ್ಮಾ?” ಎಂದರು ಶಾಮಣ್ಣ. ಅವರು ಕಟುವಾಗಿ ಆಡಿದ್ದಲ್ಲ. ಆದರೂ ಇಂದ್ರಮ್ಮ ಆ ಸಂಜೆ ಮನೆಗೆ ಬರುವಾಗ ದೊಡ್ಡ ಗಡಿಯಾರದ ಬಳಿ ಎದುರಿಗೆ ಬಂದ ಬಸ್ಸನ್ನೂ ನೋಡದೆ ರಸ್ತೆ ದಾಟಿದಳು.

ದೊಡ್ಡವ್ವನಿಗೆ ವಿಷಯ ಹೇಳಲು ಅವಳಿಗೆ ನಾಲಿಗೆ ಬರಲಿಲ್ಲ. ಬಂಜೆ ಎಂದು ಊರಿನಿಂದ ಬೈಸಿಕೊಂಡವಳಿಗೆ, ನೀನು ಹೆತ್ತೆ ಎಂದು ಸುಳ್ಳು ಆಣೆ ಮಾಡು ಎಂದು ಹೇಗೆ ಕೇಳುವುದು? ಕೊನೆಗೆ ಒಂದು ಭಾನುವಾರ ಬೆಳಿಗ್ಗೆ, ಬೆಟ್ಟಮ್ಮ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ, ಮುಖ ನೋಡುವ ಹಾಗಿಲ್ಲದ ಆ ಹೊತ್ತಿನಲ್ಲಿ, ಹೇಳಿದಳು.

ಬೆಟ್ಟಮ್ಮನ ಬೆರಳುಗಳು ಕೂದಲಲ್ಲಿ ನಿಂತವು. ಆಮೇಲೆ ಎಣ್ಣೆ ಬಟ್ಟಲನ್ನು ಪಕ್ಕಕ್ಕಿಟ್ಟಳು.

“ನಿನ್ನ ಇಲ್ಲಿಗೆ ಕರ್ಕೊಂಡ್ಬಂದೋಳ ಗ್ಯಾಪ್ಕ ಐತಾ ನಿಂಗೆ?”

“ಮಸಕು ಮಸಕಾಗಿ.”

“ಮಂಗಳಮ್ಮ ಅಂತ. ಲಷ್ಕರ್ ಮೊಹಲ್ಲದಲ್ಲಿ ಅವ್ಳೆ. ಮಗಳು ಅಳಿಯನ್ ಮನೇಲಿ.”

ಇಂದ್ರಮ್ಮ ತಿರುಗಿ ನೋಡಿದಳು. “ನಿನಗೆ ಹೇಗೆ ಗೊತ್ತು?”

“ಮಾರ್ಕೆಟ್ಗೆ ಬತ್ತಾಳೆ. ನಾನೇ ಕಂಡು ಮಕ ತಿರುಗಿಸ್ಕತಿದ್ದೆ.”

“ಎಷ್ಟು ವರ್ಷದಿಂದ?”

“ನಾವಿಲ್ಲಿಗೆ ಬಂದಾಗ್ಲಿಂದ.”

ರಂಗೂನಿಗೂ ಬೆಂಗಳೂರಿಗೂ ಬರೆದು ಅಂಚೆಯವನ ದಾರಿ ಕಾಯುತ್ತಿದ್ದವಳಿಗೆ, ಬೇಕಾದವರು ಕೂಗಿದರೆ ಕೇಳುವಷ್ಟು ದೂರದಲ್ಲಿದ್ದರು. “ಯಾಕೆ ಹೇಳಲಿಲ್ಲ ದೊಡ್ಡವ್ವ?” ಎಂದಳು. ಅವಳ ದನಿಯಲ್ಲಿ ಸಿಟ್ಟಿಗೆ ಬೇಕಾದ ಶಕ್ತಿಯೂ ಇರಲಿಲ್ಲ.

“ಅವಳ್ನ ಕಂಡ್ರೆ ಕೇಳ್ತೀಯ. ಕೇಳಿದ್ರೆ ಅವ್ಳು ಯೋಳ್ತಾಳೆ. ಆಮ್ಯಾಕೆ ನೀನು ನನ್ ಬುಟ್ಬುಟ್ಟು ಹೋಯ್ತೀಯ ಅಂತ.” ಬೆಟ್ಟಮ್ಮ ಅಂಗೈಯ ಎಣ್ಣೆಯನ್ನು ತನ್ನ ಮೊಣಕಾಲಿಗೆ ಒರೆಸಿಕೊಂಡಳು. “ಎಲ್ಲಿಗ್ ಹೋಯ್ತೀಯ, ಬರ್ಮಾ ಏನ್ ಪಕ್ಕದ್ ಬೀದಿಲೈತಾ? ಆದ್ರೂ ಅಂಗ್ ಅನ್ನುಸ್ತಿತ್ತು. ಈಗ ಹೋಗ್ ಬಾ. ನಾನು ಹೆತ್ತೆ ಅಂತ ಆಣೆ ಮಾಡೋಕ್ ಮುಂಚೆ, ಹೆತ್ತೋಳ್ಯಾರು ಅಂತ ನಿಂಗ್ ಗೊತ್ತಾಗ್ಲಿ.”

ಮಂಗಳಮ್ಮನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬೀದಿಯ ಕಡೆಗೆ ಒಂದು ಜಗಲಿ, ಜಗಲಿಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತ ಕೂತ ಮುದುಕಿ. ಒಂದು ಕಣ್ಣಿಗೆ ಪೊರೆ ಬಂದಿತ್ತು. ಇಂದ್ರಮ್ಮ ಮೆಟ್ಟಿಲ ಬಳಿ ನಿಂತು ಹೆಸರು ಹೇಳುವ ಮೊದಲೇ, ಮುದುಕಿ ಇನ್ನೊಂದು ಕಣ್ಣಿನಿಂದ ಅವಳನ್ನು ದಿಟ್ಟಿಸಿ, “ಪಾರ್ವತಿ,” ಎಂದಳು.

“ನಾನು ಇಂದ್ರ. ನಿಂಗಯ್ಯನವರ ಮಗಳು.”

“ಗೊತ್ತು ಕಣಮ್ಮ, ಗೊತ್ತು. ಬಾ, ಕೂತ್ಕೋ. ಬೆಟ್ಟಮ್ಮ ಕಳಿಸಿದ್ಲಾ?”

“ಹೌದು.”

“ಕೊನೆಗೂ ಕಳಿಸಿದ್ಲು.” ಮುದುಕಿ ಸೆರಗಿನಿಂದ ಜಗಲಿಯನ್ನು ಒರೆಸಿ ಜಾಗ ಮಾಡಿಕೊಟ್ಟಳು. ಇಂದ್ರಮ್ಮ ಕೂತು ಕೆಲಸದ ವಿಷಯ, ಕಾಗದದ ಕಷ್ಟ ಎಲ್ಲ ಹೇಳಿಕೊಂಡಳು.

ಮಂಗಳಮ್ಮನ ಗಂಡ ಚಾಮಯ್ಯ ಅದೇ ತುಕಡಿಯಲ್ಲಿ ನಾಯಕನಾಗಿದ್ದ. ಎರಡು ವರ್ಷದ ಹಿಂದೆ ತೀರಿಕೊಂಡಿದ್ದ. ನಿಂಗಯ್ಯನಿಗೂ ಅವನಿಗೂ ಅನ್ನ ನೀರಿನ ಸ್ನೇಹ. ಮಂಗಳಮ್ಮ ನಿಧಾನವಾಗಿ ಹೇಳಿದಳು, ನಡುನಡುವೆ ಆಯಾಸಕ್ಕೆ ನಿಲ್ಲಿಸುತ್ತ. ಮೇಮ್ಯೋ ಗುಡ್ಡದ ಮೇಲಿನ ಊರು, ಬೇಸಿಗೆಯಲ್ಲೂ ಕಂಬಳಿ ಬೇಕು. ದಂಡಿನವರು ವಾಸವಿದ್ದ ಲೈನುಗಳ ಹಿಂದೆ ಒಬ್ಬ ಬರ್ಮಾದವನ ಚಹಾದಂಗಡಿ. ಅವನ ಮಗಳು ಮಾ ಮ್ಯಾ.

“ಏನಂದ್ರಿ?”

“ಮಾ ಮ್ಯಾ. ನಿನ್ನ ತಾಯಿ. ಹೆಸರೂ ಗೊತ್ತಿರಲಿಲ್ವಾ ಮಗು?”

ಇಂದ್ರಮ್ಮ ಇಲ್ಲವೆಂದು ತಲೆಯಾಡಿಸಿದಳು. ಆ ಎರಡು ಸಣ್ಣ ಸದ್ದುಗಳನ್ನು ಬಾಯೊಳಗೇ ಹೇಳಿಕೊಂಡಳು. ಏನೂ ನೆನಪಾಗಲಿಲ್ಲ. ಹೆಸರು ಕೇಳಿದ ಕೂಡಲೇ ಮುಖ ಕಣ್ಣೆದುರು ಬಂದು ನಿಲ್ಲುತ್ತದೆ ಎಂದುಕೊಂಡಿದ್ದಳು, ಬರಲಿಲ್ಲ.

“ನಿಂಗಯ್ಯ ಅವಳ ಜೊತೆ ಲೈನಿನ ಹೊರಗೆ ಮನೆ ಮಾಡ್ಕೊಂಡಿದ್ದ. ದಂಡಿಗೆ ಹೇಳಿರಲಿಲ್ಲ. ಊರಲ್ಲಿ ಹೆಂಡ್ತಿ ಇದ್ದಾಳೆ ಅಂತ ಮೊದ್ಲೇ ಬರೆಸಿಬಿಟ್ಟಿದ್ನಲ್ಲ, ಇನ್ನೊಬ್ಬಳನ್ನ ಎಲ್ಲಿ ಬರೆಸ್ತಾನೆ? ನಿನ್ನನ್ನೂ ಬರೆಸಲಿಲ್ಲ. ನನ್ನ ಯಜಮಾನ್ರು ಬಡ್ಕೊಂಡ್ರು. ‘ಆಗಲಿ ಬಿಡು, ನೋಡೋಣ’ ಅಂತಿದ್ದ. ನೋಡೋದಕ್ಕೆ ಯುದ್ಧ ಎಲ್ಲಿ ಬಿಡ್ತು?”

ಯುದ್ಧ ಬಂದಾಗ ತುಕಡಿಯ ಹೆಂಗಸರು ಮಕ್ಕಳನ್ನು ರೈಲಿನಲ್ಲಿ ರಂಗೂನಿಗೆ ಸಾಗಿಸಿ, ಅಲ್ಲಿಂದ ಹಡಗು ಹತ್ತಿಸಬೇಕೆಂದು ಹುಕುಂ ಆಯಿತು. ದಂಡಿನ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಪಾಸು. ಹೊರಡುವ ಹಿಂದಿನ ದಿನ ನಿಂಗಯ್ಯ ಬಂದು ಚಾಮಯ್ಯನ ಅಂಗಳದಲ್ಲಿ ನಿಂತ. ಏನೂ ಕೇಳಲಿಲ್ಲ, ಸುಮ್ಮನೆ ನಿಂತ.

“ನಮಗೆ ದೊಡ್ಡ ಮಗಳೊಬ್ಬಳಿದ್ಲು, ಪಾರ್ವತಿ ಅಂತ,” ಎಂದಳು ಮಂಗಳಮ್ಮ. “ನಿನಗಿಂತ ಆರು ತಿಂಗಳು ದೊಡ್ಡವಳು. ಯುದ್ಧಕ್ಕೆ ಮುಂಚಿನ ಮಳೆಗಾಲದಲ್ಲಿ ಜ್ವರ ಬಂದು ಹೋಗಿಬಿಟ್ಲು. ಪಟ್ಟಿಯಿಂದ ಅವಳ ಹೆಸರು ಹೊಡೆದುಹಾಕಿಸೋದಕ್ಕೆ ಯಜಮಾನ್ರಿಗೆ ಮನಸ್ಸು ಬಂದಿರಲಿಲ್ಲ. ಇವತ್ತು ಹೋಗ್ತೀನಿ, ನಾಳೆ ಹೋಗ್ತೀನಿ ಅಂತಿದ್ರು. ಹಂಗಾಗಿ ಆ ಹೆಸರು ಉಳ್ಕೊಂಡಿತ್ತು. ಆ ಹೆಸರಲ್ಲಿ ನಿನ್ನ ಕರ್ಕೊಂಡ್ಬಂದೆ.”

ಬೀದಿಯಲ್ಲಿ ಸೀಮೆಎಣ್ಣೆಯ ಗಾಡಿ ಗಂಟೆ ಬಾರಿಸುತ್ತ ಹೋಯಿತು.

“ಅಮ್ಮ ಯಾಕೆ ಬರಲಿಲ್ಲ?” ಎಂದಳು ಇಂದ್ರಮ್ಮ.

“ನನ್ನ ಹತ್ರ ಇದ್ದಿದ್ದು ಒಂದೇ ಹೆಸರು ಕಣಮ್ಮ. ಎರಡನೇದು ಎಲ್ಲಿಂದ ತರ್ಲಿ?”

ಸ್ಟೇಷನ್ನಿಗೆ ಮಾ ಮ್ಯಾ ಬಂದಿದ್ದಳು. ಮಗಳ ತಲೆ ಬಾಚಿ, ಹೊಸ ಲುಂಗಿ ಉಡಿಸಿ, ಅಲ್ಲಿಯವರು ಹಚ್ಚುವ ಹಾಗೆ ಕೆನ್ನೆಗೆ ತೇಯ್ದ ಮರದ ಹಳದಿ ಲೇಪ ಬಳಿದಿದ್ದಳು. ಪ್ಲಾಟ್‌ಫಾರಂ ಮೇಲೆ ಪಾಸು ನೋಡುವ ಸಾಹೇಬ ನಿಂತಿದ್ದ. ಚಾಮಯ್ಯ ನಾಯಕನ ಮಗಳಿಗೆ ಬರ್ಮಾದವರ ಲೇಪ ಯಾಕೆ ಎಂದು ಅವನು ಕೇಳಿದರೆ?

“ನಾನೇ ಒರೆಸಿದೆ,” ಎಂದಳು ಮಂಗಳಮ್ಮ. “ಸೆರಗಿಗೆ ನೀರು ಹಾಕ್ಕೊಂಡು, ಅವಳ ಕಣ್ಣೆದುರಿಗೇ. ಅವಳು ಏನೂ ಅನ್ನಲಿಲ್ಲ. ಇನ್ನೊಂದು ಕೆನ್ನೇನ ತಾನೇ ಒರೆಸಿದ್ಲು. ಆಮೇಲೆ ನಿನ್ನ ಗದ್ದ ಹಿಡ್ಕೊಂಡು, ‘ಪಾರ್ವತಿ, ಪಾರ್ವತಿ’ ಅಂತ ಹೇಳ್ಕೊಟ್ಲು. ಅವಳ ಬಾಯಲ್ಲಿ ಸರಿಯಾಗಿ ಬರ್ತಿರಲಿಲ್ಲ. ಆದ್ರೂ ನೀನು ಕಲಿಯೋವರೆಗೂ ಹೇಳ್ತಾನೇ ಇದ್ಲು.”

“ಆಮೇಲೆ?”

“ನಿಂಗಯ್ಯ ಕರ್ಕೊಂಡು ಬರ್ತಾನೆ ಅಂತ ಅಂದ್ಕೊಂಡಿದ್ಲು. ನಾನೂ ಅಂದ್ಕೊಂಡಿದ್ದೆ. ಅವನೇ ಬರಲಿಲ್ವಲ್ಲ. ಅವಳು ಇದ್ದಾಳೋ ಇಲ್ವೋ, ಆ ಊರೇ ಇದೆಯೋ ಇಲ್ವೋ, ನಂಗೊಂದೂ ಗೊತ್ತಿಲ್ಲ ಮಗು.”

“ನನ್ನ ಏನಂತ ಕರೀತಿದ್ದಳು? ಅವಳು?”

ಮಂಗಳಮ್ಮ ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದಳು. “ನಿಂಗಯ್ಯ ಇಂದ್ರ ಅಂತಿದ್ದ. ಅವಳು ಬೇರೆ ಏನೋ ಅಂತಿದ್ಲು. ಚಿಕ್ಕ ಹೆಸರು. ನನ್ನ ನಾಲಿಗೆಗೆ ಅದು ಬರ್ತಾನೇ ಇರಲಿಲ್ಲ. ಮರ್ತುಹೋಯ್ತು ತಾಯಿ. ಕ್ಷಮಿಸಿಬಿಡು.”

ಇಂದ್ರಮ್ಮ ಮುದುಕಿಯ ಕೈ ಹಿಡಿದುಕೊಂಡಳು.

ಸ್ವಲ್ಪ ಹೊತ್ತಾದ ಮೇಲೆ ಮಂಗಳಮ್ಮ ಒಳಗೆ ಹೋಗಿ, ಟ್ರಂಕು ತೆರೆಯುವ ಸದ್ದು ಮಾಡಿ, ಮಡಿಕೆಗಳಲ್ಲಿ ಹರಿಯತೊಡಗಿದ ಒಂದು ಕಾಗದ ತಂದಳು. ಮೇಮ್ಯೋದ ದಂಡಿನ ಆಸ್ಪತ್ರೆ ಕೊಟ್ಟ, ಪಾರ್ವತಿಯ ಹುಟ್ಟಿನ ಸರ್ಟಿಫಿಕೇಟು. ಮೊಹರು ಇನ್ನೂ ನೇರಳೆಯಾಗಿಯೇ ಇತ್ತು.

“ನಿಂಗೆ ಕೆಲಸಕ್ಕೆ ಕಾಗದ ಬೇಕು ಅಂದ್ಯಲ್ಲ. ಇದನ್ನ ತಗೋ. ಹಡಗಿನಲ್ಲಿ ಬಂದಿದ್ದೂ ಪಾರ್ವತೀನೇ. ಆಮೇಲೆ ಹೆಸರು ಬದಲಾಯಿಸ್ಕೊಂಡೆ ಅಂತ ಬರೆಸು. ನಾನು ಬಂದು ಹೇಳ್ತೀನಿ. ಕಾಗದದ ಪ್ರಕಾರ ನನ್ನ ಮಗಳು ಮದ್ರಾಸಿನಲ್ಲಿ ಇಳಿದಿದ್ದಾಳೆ. ಸತ್ತಿದ್ದು ಎಲ್ಲೂ ಬರೆದಿಲ್ಲ.”

ವರ್ಷವಿಡೀ ಹುಡುಕಿದ್ದು ಇಂಥದೇ ಒಂದು ಕಾಗದ. ಇಂದ್ರಮ್ಮ ಅದನ್ನು ಕೈಗೆ ತೆಗೆದುಕೊಂಡು ಓದಿದಳು. ಶಾಮಣ್ಣನವರ ಮೇಜಿನ ಮೇಲೆ ಇಟ್ಟರೆ ಮಾತೇ ಇಲ್ಲ. ಆದರೆ ಅವಳ ಎದುರಿಗೆ ಮಂಗಳಮ್ಮ ಕಾಗದವನ್ನೇ ನೋಡುತ್ತ, ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಕಟ್ಟಿಕೊಂಡು ಕೂತಿದ್ದಳು. ಕೊಡುತ್ತೇನೆಂದು ಬಾಯಿ ಹೇಳಿತ್ತು, ಕೈ ಒಪ್ಪಿರಲಿಲ್ಲ.

“ಬೇಡ ಅಮ್ಮ,” ಎಂದಳು ಇಂದ್ರಮ್ಮ. “ಅವಳ ಹೆಸರನ್ನ ಒಂದು ಸಲ ತಗೊಂಡಿದ್ದೀನಿ. ಸಾಕು.”

ಮಂಗಳಮ್ಮ ಕಾಗದವನ್ನು ಥಟ್ಟನೆ ತೆಗೆದುಕೊಂಡು ಎದೆಗೆ ಒತ್ತಿಕೊಂಡಳು. ಆಮೇಲೆ ನಾಚಿಕೊಂಡವಳಂತೆ ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು.

ಮನೆಗೆ ಬಂದಾಗ ಬೆಟ್ಟಮ್ಮ ಮಾರ್ಕೆಟ್ಟಿಗೆ ಹೋಗದೆ ಬಾಗಿಲಲ್ಲೇ ಕೂತಿದ್ದಳು. ಇಂದ್ರಮ್ಮ ಎಲ್ಲವನ್ನೂ ಹೇಳಿದಳು, ಲೇಪ ಒರೆಸಿದ್ದನ್ನೂ ಬಿಡದೆ. ಬೆಟ್ಟಮ್ಮ ಮೊಣಕಾಲ ಮೇಲೆ ಗದ್ದವಿಟ್ಟು ಕೇಳಿದಳು.

“ಏನ್ ಎಸ್ರಂದೆ?”

“ಮಾ ಮ್ಯಾ.”

“ಮಾಮ್ಯ.” ಎರಡು ಮೂರು ಸಲ ಹೇಳಿ ನೋಡಿದಳು. “ಚಿಕ್ಕೋಳಿದ್ಲಾ?”

“ಈಗಿನ ನನ್ನಷ್ಟೇ ಇದ್ದಿರಬೇಕು.”

“ಅಯ್ಯೋ ಮುಂಡೇದೆ,” ಎಂದಳು ಬೆಟ್ಟಮ್ಮ. ಯಾರನ್ನು ಅಂದಳೋ, ಗಂಡನನ್ನೋ ಆ ಹೆಣ್ಣನ್ನೋ, ಇಂದ್ರಮ್ಮನಿಗೆ ತಿಳಿಯಲಿಲ್ಲ.

ಅಫಿಡವಿಟ್ ಬೇಡವೆಂದು ಇಂದ್ರಮ್ಮ ಮನಸ್ಸಿನಲ್ಲೇ ತೀರ್ಮಾನಿಸಿದ್ದಳು. ತಾಯಿಯ ಹೆಸರು ಸಿಕ್ಕ ವಾರದಲ್ಲೇ ಅದನ್ನು ಅಳಿಸಿ ಹಾಕುವುದಕ್ಕೆ ಅವಳಿಂದಾಗದು. ಕಾಯಂ ಆಗದಿದ್ದರೆ ಬೇಡ, ಇನ್ನೆಷ್ಟು ದಿನ ಇಟ್ಟುಕೊಳ್ಳುತ್ತಾರೋ ಇಟ್ಟುಕೊಳ್ಳಲಿ. ಆದರೆ ಮರುವಾರ ಬೆಟ್ಟಮ್ಮನೇ ಇದ್ದ ಒಂದು ಒಳ್ಳೆಯ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟುಕೊಂಡು ಸಿದ್ಧಳಾಗಿ ನಿಂತಳು.

“ನಡಿ ಕೋಲ್ಟಿಗೆ.”

“ಬೇಡ ದೊಡ್ಡವ್ವ. ಸುಳ್ಳು ಆಣೆ ಯಾಕೆ?”

“ನಿಂಗೆ ಯಾವುದಾದ್ರೂ ಒಂದು ಕಾಗದ ಇರ್ಬೇಕು. ನಾನು ಸತ್ಮೇಲೆ ನಿನ್ನ ಯಾರು ಅಂತ ಕೇಳುದ್ರೆ ಏನ್ ತೋರುಸ್ತೀಯ? ಮಕ್ಕಳು ಇಲ್ಲ ಅಂತ ಬರ್ದಿರೋದನ್ನಾ?”

ಇಂದ್ರಮ್ಮ ಚಪ್ಪಲಿ ಮೆಟ್ಟಿಕೊಂಡು ಅವಳ ಹಿಂದೆ ಹೊರಟಳು.

ಕೋರ್ಟಿನ ಆವರಣದ ಮರದ ಕೆಳಗೆ ಟೈಪಿನ ಯಂತ್ರಗಳು ಟಕಟಕ ಎನ್ನುತ್ತಿದ್ದವು. ವಕೀಲ ವೃಷಭೇಂದ್ರಪ್ಪ ಶಾಮಣ್ಣನವರ ಪರಿಚಯದವರು. ಕಾಗದ ಮೊದಲೇ ಬರೆಸಿಟ್ಟಿದ್ದರು. ಬೆಟ್ಟಮ್ಮನಿಗೆ ಓದಲು ಬರುವುದಿಲ್ಲವಾದ್ದರಿಂದ ಅವರು ಗಟ್ಟಿಯಾಗಿ, ಬೇಗ ಬೇಗ ಓದಿ ಹೇಳತೊಡಗಿದರು. “ಬೆಟ್ಟಮ್ಮ ಕೋಂ ಲೇಟ್ ನಿಂಗಯ್ಯ ಆದ ನಾನು ಸತ್ಯಪ್ರಮಾಣವಾಗಿ ಹೇಳುವುದೇನೆಂದರೆ, ಸದರಿ ಇಂದ್ರಮ್ಮ ಎಂಬಾಕೆಯು ನನ್ನ ಗರ್ಭದಲ್ಲಿ ಜನಿಸಿದ ಏಕಮಾತ್ರ ಪುತ್ರಿಯಾಗಿದ್ದು…”

“ಒಸಿ ತಡೀರಿ ಸ್ವಾಮಿ,” ಎಂದಳು ಬೆಟ್ಟಮ್ಮ.

ವಕೀಲರು ನಿಲ್ಲಿಸಿದರು. ದೊಡ್ಡವ್ವ ಹಿಂದೆ ಸರಿಯುತ್ತಾಳೆ, ಸರಿಯಲಿ, ಒಳ್ಳೆಯದೇ ಆಯಿತು ಎಂದುಕೊಂಡಳು ಇಂದ್ರಮ್ಮ.

“ಅದೇನೋ ಅಂದ್ರಲ್ಲ, ಈಗ. ಇನ್ನೊಂದ್ಸಲ ಓದಿ.”

“ಯಾವುದು? ‘ನನ್ನ ಗರ್ಭದಲ್ಲಿ ಜನಿಸಿದ’ ಅನ್ನೋದಾ?”

“ಊಂ. ಅಂಗಂದ್ರೆ?”

“ನಿಮ್ಮ ಹೊಟ್ಟೇಲಿ ಹುಟ್ಟಿದ ಒಬ್ಬಳೇ ಮಗಳು ಅಂತ ಕಣಮ್ಮ.”

“ಅಂಗೇ ಓದಿ. ಮೆತ್ತಗೆ.”

ವೃಷಭೇಂದ್ರಪ್ಪ ಈ ಸಲ ಒಂದೊಂದೇ ಪದ ಬಿಡಿಸಿ ಓದಿದರು. ಬೆಟ್ಟಮ್ಮ ಕತ್ತು ಸ್ವಲ್ಪ ಓರೆ ಮಾಡಿ, ದೂರದಲ್ಲಿ ಯಾರೋ ಕರೆಯುವುದನ್ನು ಆಲಿಸುವವಳಂತೆ ಕೇಳಿದಳು. ಇಂದ್ರಮ್ಮ ಅವಳ ಮುಖ ನೋಡಿದಳು. ಬಾಯಿಗೆ ಬಂದಿದ್ದ ‘ಬೇಡ’ ಅಲ್ಲೇ ನಿಂತಿತು. ಆ ಕ್ಷಣದಲ್ಲಿ ಆ ಕಾಗದವನ್ನು ಹರಿಯುವ ಹಕ್ಕು ತನಗಿಲ್ಲ ಎನ್ನಿಸಿತು ಅವಳಿಗೆ.

ಒಳಗೆ ಮ್ಯಾಜಿಸ್ಟ್ರೇಟರು ಕಾಗದ ನೋಡಿ, ಬೆಟ್ಟಮ್ಮನ ಕಪ್ಪು ನೀಳ ಮುಖವನ್ನೂ ಇಂದ್ರಮ್ಮನ ಅಗಲ ಮುಖವನ್ನೂ ನೋಡಿದರು. “ಇದರಲ್ಲಿರೋದೆಲ್ಲ ನಿಜವೇನಮ್ಮಾ?” ಎಂದರು.

“ನನ್ ಮಗಳೇ ಸ್ವಾಮಿ,” ಎಂದಳು ಬೆಟ್ಟಮ್ಮ. ಕೇಳಿದ ಪ್ರಶ್ನೆಗೆ ಅದು ಪೂರಾ ಉತ್ತರವಲ್ಲ. ಅವರು ಮತ್ತೆ ಕೇಳಲಿಲ್ಲ. ಬೆಟ್ಟಮ್ಮ ಹೆಬ್ಬೆಟ್ಟು ಒತ್ತಿದಳು.

ಆ ವರ್ಷದ ಆಗಸ್ಟ್ ತಿಂಗಳಲ್ಲಿ ಕಾಯಂ ಆದ ಹುಕುಂ ಬಂತು. ಪ್ರೇಮಲೀಲಾ ಮೈಸೂರುಪಾಕು ಹಂಚಿದಳು. ಇಂದ್ರಮ್ಮನಿಗೆ ಹಿಗ್ಗೇನೂ ಆಗಲಿಲ್ಲ. ಆ ಭಾನುವಾರ ಬೆಳಿಗ್ಗೆ ಮಲಗಿದವಳು ಸಂಜೆಯವರೆಗೂ ಏಳದೆ ನಿದ್ದೆ ಮಾಡಿದಳು. ಸರ್ಕಾರಿ ಪುಸ್ತಕದಲ್ಲಿ ಅವಳು ಈಗ ಹಿನಕಲ್ಲಿನಲ್ಲಿ ಹುಟ್ಟಿದವಳು, ತಾಯಿ ಬೆಟ್ಟಮ್ಮ. ಮೇಮ್ಯೋಕ್ಕೆ ಅವಳೊಂದು ಕಾಗದ ಬರೆದಳು. ವಿಳಾಸ ಎಂದರೆ, ಮಾ ಮ್ಯಾ, ದಂಡಿನ ಲೈನುಗಳ ಹಿಂದಿನ ಚಹಾದಂಗಡಿ, ಅಷ್ಟೆ. ಉತ್ತರ ಬರಲಿಲ್ಲ. ಆ ಕಾಗದ ಹಿಂದಿರುಗಿಯೂ ಬರಲಿಲ್ಲ.

ಮಹಾಲಯ ಅಮಾವಾಸ್ಯೆ ಬಂತು. ಹೋದವರಿಗೆ ಎಡೆ ಇಡುವ ದಿನ. ಬೆಟ್ಟಮ್ಮ ಪ್ರತಿ ವರ್ಷದಂತೆ ಗಂಡನ ಹೆಸರಿಗೆ ಬಾಳೆಲೆ ಹಾಕಿ, ಮುದ್ದೆ, ಸಾರು, ಒಡೆ ಬಡಿಸಿದಳು. ಆಮೇಲೆ ಇನ್ನೊಂದು ಎಲೆ ತೆಗೆದು ಪಕ್ಕದಲ್ಲಿ ಹಾಸಿ, ನೀರು ಚಿಮುಕಿಸಿ, ಇಂದ್ರಮ್ಮನ ಕಡೆ ನೋಡಿದಳು.

“ಅವಳ್ಗೂ ಇಡಾನಾ?”

ಇಂದ್ರಮ್ಮ ಎಲೆಯನ್ನೇ ನೋಡಿದಳು. “ಬದುಕಿದ್ದರೆ, ದೊಡ್ಡವ್ವ?”

ಬೆಟ್ಟಮ್ಮ ಕೈಯಲ್ಲಿ ಸೌಟು ಹಿಡಿದು ನಿಂತೇ ಇದ್ದಳು. ಮುದ್ದೆಯ ಹಬೆ ಏರಿ ಆರಿತು.

“ಬದುಕಿರೋರ್ಗೆ ಇಡಬಾರ್ದು,” ಎಂದಳು ಕಡೆಗೆ. ಎಲೆಯನ್ನು ಎತ್ತಿ, ಸೆರಗಿನಿಂದ ನೀರು ಒರೆಸಿ, ಮತ್ತೆ ಕಟ್ಟಿನೊಳಗೆ ಸೇರಿಸಿದಳು. “ಬದುಕವ್ಳೆ ಅಂತ್ಲೇ ಇಟ್ಕೊಳ್ಳಾನ. ನಮಗೇನ್ ಗೊತ್ತು.”